ಬೆಂಕಿಯಿಲ್ಲದ ಒಲೆ

ಕನ್ನಡನಾಡಿನಲ್ಲಿ ಸಂಸಾರ ಹೂಡುವುದೆಂದರೆ ಒಲೆ ಹೂಡುವುದೆಂದೇ ಅರ್ಥ. ಅಣ್ಣತಮ್ಮಂದಿರು ಬೇರೆಯಾದರೆಂದು ತಿಳಿಸಲು ಹೊಲಮನೆಗಳ ಪಾಲಿನ ವಿವರ ಕೊಡಬೇಕಾಗಿಲ್ಲ; ಆ ಮನೆಯಲ್ಲಿ ಈಗ ಎರಡು ಒಲೆ ಉರಿಯುತ್ತವೆ ಎಂದರೆ ಸಾಕು, ಕೇಳಿದವರು ನಿಟ್ಟುಸಿರಿಟ್ಟು ಎಲ್ಲವನ್ನೂ ತಿಳಿದುಕೊಳ್ಳುತ್ತಾರೆ. ಒಲೆ ಉರಿಯದ ಮನೆಯೆಂದರೆ ಬಡತನದ ಮನೆ, ಇಲ್ಲವೆ ಸಾವಿನ ಮನೆ. ಹಸಿವೆಗೆ ಜಠರಾಗ್ನಿಯೆಂದು ಹೆಸರು. ನೆರೆಯವರ ಏಳಿಗೆಯನ್ನು ಕಂಡಾಗ ಆಗುವ ಸಂಕಟಕ್ಕೆ ಹೊಟ್ಟೆಕಿಚ್ಚೆಂದು ಹೆಸರು. ಹೀಗೆ ಒಳಗೂ ಹೊರಗೂ ಬೆಂಕಿಯನ್ನೇ ನಂಬಿಕೊಂಡು ಬಾಳಿದ ಜನರ ಅಡಿಗೆಮನೆಗೆ, ಬೆಂಕಿಯೇ ಇಲ್ಲದ ಒಲೆಯೊಂದು ಬಂದು ಕುಳಿತಿದೆ. ಅದನ್ನು ಹೊತ್ತಿಸುವಂತಿಲ್ಲ, ಊದುವಂತಿಲ್ಲ, ಆರಿಸುವಂತಿಲ್ಲ. ಬೆರಳಿನಿಂದ ಮುಟ್ಟಿದರೆ ಅದು ಒಂದು ಸಲ ಚಿಲಿಪಿಲಿಗುಟ್ಟುತ್ತದೆ. ಅಷ್ಟೇ ಅದರ ಅಗ್ನಿಪ್ರತಿಷ್ಠೆ.

ಪೇಟೆಯಲ್ಲಿ ಅದಕ್ಕೆ ಇಂಡಕ್ಷನ್ ಒಲೆಯೆಂದು ಹೆಸರು. ಹಳ್ಳಿಯ ಹಿರಿಯರ ಬಾಯಲ್ಲಿ ಅದು ಕರೆಂಟಿನ ಒಲೆ. ನೋಡಲು ಶಾಲೆಯ ಮಕ್ಕಳ ಪಾಟಿಯನ್ನು ಸ್ವಲ್ಪ ದಪ್ಪಗೆ, ಸ್ವಲ್ಪ ದೊಡ್ಡದಾಗಿ ಮಾಡಿದಂತಿದೆ. ಮೇಲೆ ಕರಿಯ ಗಾಜು, ಮುಂದೆ ಕೆಲವು ಗುಂಡಿಗಳು, ಹಿಂದೆ ಬಾಲದಂತೆ ಒಂದು ತಂತಿ. ತೂಕ ಎರಡು ಮೂರು ಕಿಲೋ. ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಬಹುದು. ವಿಜಯಪುರದ ಗಾಂಧಿ ಚೌಕದಲ್ಲಿ ಕೊಂಡು, ಬಬಲೇಶ್ವರದ ಕಡೆಗೆ ಹೋಗುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಸಂಜೆಯೊಳಗೆ ಜೈನಾಪುರದ ಮನೆಯ ಕಟ್ಟೆಯ ಮೇಲೆ ಇಳಿಸಬಹುದು. ಒಲೆಯೆಂಬುದು ಮನೆಯ ಅಡಿಪಾಯದಂತೆ ಒಂದೇ ಕಡೆ ನೆಲೆಯೂರಿರತಕ್ಕ ವಸ್ತುವೆಂದು ತಿಳಿದಿದ್ದವರಿಗೆ, ಅದು ಹೀಗೆ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುವುದೇ ಒಂದು ಸೋಜಿಗ.

ಅದರ ವಿದ್ಯೆ ಮಾತ್ರ ಹೊಸದಲ್ಲ. ತಂತಿಯ ಸುರುಳಿಯೊಂದರಲ್ಲಿ ವಿದ್ಯುತ್ತು ಬದಲಾಗುತ್ತಿದ್ದರೆ, ಅದನ್ನು ಮುಟ್ಟದೆ ಪಕ್ಕದಲ್ಲಿರುವ ಲೋಹದಲ್ಲಿಯೂ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲಿಯೇ ತೋರಿಸಿಕೊಟ್ಟ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕ ಕಟ್ಟುವ ಕಸುಬು ಕಲಿತು, ಕಟ್ಟಲು ಬಂದ ಪುಸ್ತಕಗಳನ್ನು ಓದಿಯೇ ವಿಜ್ಞಾನಿಯಾದ ಪುಣ್ಯಾತ್ಮ ಆತ. ತನ್ನ ಶೋಧ ಮುಂದೊಂದು ದಿನ ಸಾರು ಕುದಿಸೀತೆಂದು ಆತ ನಿರೀಕ್ಷಿಸಿದ್ದನೋ ಇಲ್ಲವೋ! 1950ರ ದಶಕದ ಮಧ್ಯದಲ್ಲಿ ಅಮೆರಿಕೆಯ ಫ್ರಿಜಿಡೇರ್ ಸಂಸ್ಥೆಯವರು ಇಂಥ ಒಲೆಯೊಂದನ್ನು ಊರೂರಿಗೆ ಒಯ್ದು ಪ್ರದರ್ಶಿಸಿದರು. ಒಲೆಗೂ ಪಾತ್ರೆಗೂ ನಡುವೆ ವೃತ್ತಪತ್ರಿಕೆಯ ಹಾಳೆಯನ್ನಿಟ್ಟು ನೀರು ಕಾಯಿಸುವುದು ಅವರ ಚಮತ್ಕಾರ. ನೀರು ಕಾಯಿತು, ಪತ್ರಿಕೆ ಸುಡಲಿಲ್ಲ. ಬಿಸಿಬಿಸಿ ಸುದ್ದಿಯನ್ನೇ ಅಚ್ಚು ಹಾಕುವ ಪತ್ರಿಕೆಗೆ ಅಂದು ಒಲೆಯ ಮೇಲೆ ಕೂತರೂ ಕಾವು ತಟ್ಟಲಿಲ್ಲ.

ಈ ಚಮತ್ಕಾರದ ಗುಟ್ಟು ಸರಳವಾದುದು. ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿಯಿದೆ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳದು. ಒಲೆಯೊಳಗಿನ ಯಂತ್ರ ಅದನ್ನು 20,000ಕ್ಕೂ ಮೇಲ್ಪಟ್ಟ ಆವರ್ತನೆಗಳಿಗೆ ಏರಿಸಿ ಆ ಸುರುಳಿಯಲ್ಲಿ ಹರಿಸುತ್ತದೆ. ಮೇಲಿಟ್ಟ ಕಬ್ಬಿಣದ ಪಾತ್ರೆಯ ತಳದಲ್ಲಿ ಅದರ ಪ್ರಭಾವದಿಂದ ಸುಳಿಸುಳಿಯಾದ ವಿದ್ಯುತ್ ಪ್ರವಾಹಗಳು ಹುಟ್ಟುತ್ತವೆ. ಕಬ್ಬಿಣ ಅವುಗಳನ್ನು ತಡೆಯುತ್ತದೆ. ಆ ತಡೆಯೇ ಬಿಸಿಯಾಗುತ್ತದೆ. ಎಂದರೆ ಕಾಯುವುದು ಒಲೆಯಲ್ಲ, ಪಾತ್ರೆಯೇ. ಗಾಜು ಬಿಸಿಯಾಗುವುದಾದರೆ ಅದು ಪಾತ್ರೆಯ ಸಹವಾಸದಿಂದ ಬಂದ ಬಿಸಿ. ಪಾತ್ರೆಯನ್ನೆತ್ತಿದರೆ ಯಂತ್ರ ಗೊಣಗಿ, ಕೊಂಚ ಹೊತ್ತು ಕಾದು, ತಾನೇ ಸುಮ್ಮನಾಗುತ್ತದೆ.

ಇದರ ಗುಣಗಳನ್ನು ಒಪ್ಪಿಕೊಳ್ಳದೆ ದೋಷಗಳನ್ನು ಹೇಳುವುದು ನ್ಯಾಯವಲ್ಲ. ಮೊದಲನೆಯದಾಗಿ, ಅದು ಶೀಘ್ರಗಾಮಿ. ಒಂದು ಲೀಟರು ನೀರು ಮೂರು ನಾಲ್ಕು ನಿಮಿಷಗಳಲ್ಲಿ ಮರಳುತ್ತದೆ. ಅದಕ್ಕೆ ತಗಲುವ ವಿದ್ಯುತ್ತು ಸುಮಾರು ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗ. ಗ್ಯಾಸಿನ ಉರಿಯಲ್ಲಿ ಕಾವಿನ ಹೆಚ್ಚುಕಡಿಮೆ ಅರ್ಧ ಪಾಲು ಪಾತ್ರೆಯ ಪಕ್ಕೆಯನ್ನು ಸವರಿ ಅಡಿಗೆ ಮಾಡುವವರ ಮುಖಕ್ಕೇ ಬಡಿಯುತ್ತದೆ. ಈ ಒಲೆಯಲ್ಲಿ ನೂರಕ್ಕೆ 85ರಷ್ಟು ಪಾತ್ರೆಗೆ ಸಲ್ಲುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ 40 ಡಿಗ್ರಿಯನ್ನು ದಾಟುವ ವಿಜಯಪುರದ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ ನಿಂತು ಅಡಿಗೆ ಮಾಡುವವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು. ಗ್ಯಾಸಿನ ಒಲೆಯಿದ್ದಲ್ಲಿ ಫ್ಯಾನು ಹಾಕಿದರೆ ಉರಿ ಆರುತ್ತದೆ. ಇಲ್ಲಿ ಫ್ಯಾನಿನ ಕೆಳಗೆ ನಿಂತೇ ಒಗ್ಗರಣೆ ಹಾಕಬಹುದು. ಸೀರೆಯ ಸೆರಗಿಗೆ ಕಿಡಿ ತಾಗುವ ಭಯವಿಲ್ಲ. ಹೊಗೆಯಿಲ್ಲ, ಮಸಿಯಿಲ್ಲ. ಅಡಿಗೆಯಾದ ಮೇಲೆ ಒದ್ದೆಯ ಅರಿವೆಯಿಂದ ಒಂದು ಸಲ ಒರೆಸಿದರೆ ಆಯಿತು.

ಎರಡನೆಯದಾಗಿ, ಅದು ನೆಲೆಯಿಲ್ಲದವರ ಒಲೆ. ವಿಜಯಪುರದ ಆಶ್ರಮ ರಸ್ತೆಯಂಥ ಕಡೆಗಳಲ್ಲಿ, ಒಂದೇ ಕೋಣೆಯಲ್ಲಿ ಮೂವರು ಸೇರಿ ಓದುವ ಹಳ್ಳಿಯ ಹುಡುಗರಿಗೆ ಗ್ಯಾಸಿನ ಸಂಪರ್ಕವನ್ನು ಯಾರು ಕೊಡಬೇಕು? ಅವರ ಹೆಸರಿನಲ್ಲಿ ಮನೆಯಿಲ್ಲ, ಅಡಿಗೆಮನೆಯಂತೂ ಇಲ್ಲವೇ ಇಲ್ಲ. ಮೇಜಿನ ಮೇಲೆ ಪುಸ್ತಕಗಳನ್ನು ಸರಿಸಿ ಈ ಪಾಟಿಯನ್ನಿಟ್ಟರೆ ಅದೇ ಅಡಿಗೆಮನೆ. ಅನ್ನ ಬೇಯುತ್ತದೆ; ಊರಿನಿಂದ ತಾಯಿ ಕಟ್ಟಿ ಕಳಿಸಿದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಹೇಗೂ ಇವೆ; ಪರೀಕ್ಷೆಯ ರಾತ್ರಿ ಎರಡು ಗಂಟೆಗೆ ಚಹಾ ಕುದಿಯುತ್ತದೆ. ವರ್ಗವಾಗಿ ಬಂದ ಗುಮಾಸ್ತರಿಗೆ, ಹೊಸದಾಗಿ ಮನೆ ಹೂಡಿದ ದಂಪತಿಗಳಿಗೆ, ಒಬ್ಬರೇ ಇರುವ ನಿವೃತ್ತರಿಗೆ ಇದು ಆಪದ್ಬಂಧು.

ಮೂರನೆಯ ಗುಣ ಎಲ್ಲಕ್ಕಿಂತ ದೊಡ್ಡದು. ಅದನ್ನರಿಯಲು ನಗರವನ್ನು ಬಿಟ್ಟು ಜೈನಾಪುರದಂಥ ಊರಿನ ಹಳೆಯ ಅಡಿಗೆಮನೆಗೆ ಹೋಗಬೇಕು. ಎರೆಯ ನೆಲದಲ್ಲಿ ಕಾಡಿಲ್ಲ, ಸೌದೆಯೆಂಬುದು ದುರ್ಲಭ. ಆದುದರಿಂದ ಆ ಕಡೆಯ ಒಲೆಗಳು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಎಮ್ಮೆ ಎತ್ತುಗಳ ಸಗಣಿಯ ಕುಳ್ಳು ಇವುಗಳಿಂದಲೇ ತಲೆಮಾರುಗಟ್ಟಲೆ ಉರಿದುವು. ತೊಗರಿಕಟ್ಟಿಗೆ ಭರ್ರೆಂದು ಉರಿದು ಭರ್ರೆಂದು ಮುಗಿಯುತ್ತದೆ. ಅದರ ಮುಂದೆ ಕುಳಿತವರು ಏಳುವಂತಿಲ್ಲ. ಕುಳ್ಳು ನಿಧಾನವಾಗಿ ಉರಿಯುತ್ತದೆ. ಆದರೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಆ ಹೊಗೆಯನ್ನು ನಲವತ್ತು ಐವತ್ತು ವರ್ಷ ನುಂಗಿದ ಹೆಂಗಸರ ಕೆಮ್ಮು ಬೆಳಗಿನ ಕೋಳಿಗಿಂತ ಮೊದಲೇ ಕೇಳುತ್ತದೆ. ಇದಕ್ಕೆ ಪರಿಹಾರ ಹುಡುಕಿದವರು ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹಳ್ಳಿಗಳಿಗೆ ತಕ್ಕ ತಂತ್ರವಿದ್ಯೆಯನ್ನು ರೂಪಿಸಲು ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಅಲ್ಲಿಂದ ಬಂದ, ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ, ಹೊಗೆಯನ್ನು ಕೊಳವೆಯಿಂದ ಹೊರಕ್ಕೆ ಅಟ್ಟುವ ಅಸ್ತ್ರ ಒಲೆ ನಾಡಿನ ಅನೇಕ ಮನೆಗಳಲ್ಲಿ ಕಟ್ಟಲ್ಪಟ್ಟಿತು. 2016ರ ಮೇ 1ರಂದು ಪ್ರಾರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಸಿಲಿಂಡರು ಬಂದಿತು. ಕರೆಂಟಿನ ಒಲೆ ಈ ವಂಶಾವಳಿಯ ಕೊನೆಯ ಕುಡಿ. ಹೊಗೆಯನ್ನು ಹೊರಕ್ಕೆ ಅಟ್ಟುವುದಲ್ಲ, ಅಡಿಗೆಮನೆಯಲ್ಲಿ ಹುಟ್ಟಿಸುವುದೇ ಇಲ್ಲವೆಂಬುದು ಅದರ ಪ್ರತಿಜ್ಞೆ.

ಇಷ್ಟೆಲ್ಲ ಗುಣಗಳಿರುವ ವಸ್ತುವನ್ನು ಕಂಡು ಆ ಸೀಮೆಯ ಹೆಂಗಸರು ಮೊದಲು ಕೇಳುವ ಪ್ರಶ್ನೆ ಒಂದೇ: “ಇದರ ಮ್ಯಾಲ ರೊಟ್ಟಿ ಆಗತಾವೇನು?”

ವಿಜಯಪುರದ ಸೀಮೆಯಲ್ಲಿ ಇದು ಉಳಿದೆಲ್ಲ ಪ್ರಶ್ನೆಗಳನ್ನೂ ನುಂಗುವ ಪ್ರಶ್ನೆ. ಡೋಣಿಯ ದಂಡೆಯ ಕರಿಯ ಎರೆಯಲ್ಲಿ, ಹಿಂಗಾರಿಯ ಇಬ್ಬನಿಯನ್ನೇ ಕುಡಿದು ಬೆಳೆಯುವ ಬಿಳಿಯ ಜೋಳ ಆ ನಾಡಿನ ಜೀವ. ಅನ್ನ ಅಲ್ಲಿ ಊಟದ ಕೊನೆಯಲ್ಲಿ ಬರುವ ಅತಿಥಿ. ಮನೆಯ ಯಜಮಾನಿಕೆ ರೊಟ್ಟಿಯದು. ಆ ರೊಟ್ಟಿಯನ್ನು ಲಟ್ಟಿಸುವುದಲ್ಲ, ಬಡಿಯುವುದು. ಕುದಿಯುವ ನೀರನ್ನು ಹಿಟ್ಟಿಗೆ ಹೊಯ್ದು, ಪರಾತದಲ್ಲಿ ನಾದಿ, ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ಹುಣ್ಣಿಮೆಯ ಚಂದ್ರನಷ್ಟು ದುಂಡಗೆ ಮಾಡಿ, ಕಾದ ಹಂಚಿನ ಮೇಲೆ ಹಾಕಿ, ಮೇಲೆ ನೀರಿನ ಅರಿವೆಯಾಡಿಸಿ, ಮಗುಚಿ, ಕೊನೆಗೆ ಹಂಚಿನಿಂದಿಳಿಸಿ ಕೆಂಡಕ್ಕೋ ಉರಿಗೋ ಒಡ್ಡಬೇಕು. ಆಗ ಒಳಗಿನ ಆವಿ ಎರಡು ಪದರಗಳನ್ನು ಬೇರ್ಪಡಿಸುತ್ತದೆ, ರೊಟ್ಟಿ ಉಬ್ಬುತ್ತದೆ, ಅಲ್ಲಲ್ಲಿ ಕಂದು ಚುಕ್ಕೆಗಳು ಮೂಡುತ್ತವೆ. ಆ ಚುಕ್ಕೆಗಳಿಲ್ಲದ ರೊಟ್ಟಿಯನ್ನು ಮಕ್ಕಳೂ ಒಪ್ಪುವುದಿಲ್ಲ.

ಈ ಪ್ರಶ್ನೆಯಿಂದ ಒಂದು ಮನೆಯಲ್ಲಿ ಏನಾಯಿತೆಂಬುದನ್ನು ಹೇಳಬಹುದು. ಹೆಸರುಗಳು ಬೇಡ, ಇಂಥ ಮನೆಗಳು ವಿಜಯಪುರದಲ್ಲಿ ಓಣಿಗೊಂದರಂತೆ ಸಿಗುತ್ತವೆ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವವರು. ಜೈನಾಪುರದಲ್ಲಿ ಒಬ್ಬರೇ ಇದ್ದ ವೃದ್ಧ ತಾಯಿಯನ್ನು ಮಗ ಮಹಡಿಯ ಮೇಲಿನ ಬಾಡಿಗೆಯ ಮನೆಗೆ ಕರೆತಂದ. ಬಂದ ಎರಡನೆಯ ವಾರದಲ್ಲಿಯೇ ತಾಯಿ ಹಾಲಿಟ್ಟು, ಮಾತಿಗೆ ಕುಳಿತು, ಮರೆತುಬಿಟ್ಟರು. ಹಾಲು ಉಕ್ಕಿ ಉರಿ ಆರಿತು. ಗ್ಯಾಸು ಹರಿಯುತ್ತಲೇ ಇತ್ತು. ಕೆಳಗಿನ ಮನೆಯವರಿಗೆ ವಾಸನೆ ಬಂದುದರಿಂದ ಅನಾಹುತ ತಪ್ಪಿತು. ಮಾರನೆಯ ದಿನವೇ ಮಗ ಕರೆಂಟಿನ ಒಲೆ ತಂದ. ತಾವಿಬ್ಬರೂ ಹೊರಗೆ ಹೋಗುವಾಗ ಸಿಲಿಂಡರಿನ ರೆಗ್ಯುಲೇಟರನ್ನು ಕಳಚಿ ಕಪಾಟಿನಲ್ಲಿಡುವ ಪದ್ಧತಿಯೂ ಅಂದಿನಿಂದ ಪ್ರಾರಂಭವಾಯಿತು. ತಾಯಿಯ ಪ್ರಾಣರಕ್ಷಣೆಗಾಗಿ ಮಗ ಮಾಡಿದ ಕೆಲಸವದು, ಯಾರೂ ತಪ್ಪೆನ್ನುವಂತಿರಲಿಲ್ಲ. ತಾಯಿಯೂ ಅನ್ನಲಿಲ್ಲ. ಗುಂಡಿಗಳನ್ನು ಒತ್ತುವುದನ್ನು ಮೊಮ್ಮಗಳಿಂದ ಎರಡೇ ದಿನಗಳಲ್ಲಿ ಕಲಿತರು. ಹಾಲು ಕಾಯಿಸಿದರು, ಬೇಳೆ ಬೇಯಿಸಿದರು.

ಆದರೆ ಐವತ್ತು ವರ್ಷ ದಿನವೂ ಇಪ್ಪತ್ತು ಮೂವತ್ತು ರೊಟ್ಟಿ ಬಡಿದ ಕೈಗಳು ಸುಮ್ಮನೆ ಇರುವುದು ಹೇಗೆ? ಒಂದು ಮಧ್ಯಾಹ್ನ ಅವರು ಊರಿನಿಂದ ತಂದಿದ್ದ ಹಂಚನ್ನು ಗಾಜಿನ ಮೇಲೇರಿಸಿದರು. ನಡುವೆ ತುಸು ತಗ್ಗಿದ್ದ ಹಳೆಯ ಕಬ್ಬಿಣದ ಹಂಚು. ಅದು ಗಾಜಿನ ಮೇಲೆ ಬುಗುರಿಯಂತೆ ತಿರುಗಿತು. ಸೊಸೆ ಮಟ್ಟಸವಾದ ತಳದ ಹೊಸ ಹಂಚು ತಂದುಕೊಟ್ಟಳು. ಆಗ ಬೇರೊಂದು ತೊಡಕು. ಒಳಗಿನ ಸುರುಳಿಯ ಅಗಲ ಒಂದು ಗೇಣಿಗಿಂತ ಕಡಿಮೆ. ರೊಟ್ಟಿಯ ಅಗಲ ಅದಕ್ಕಿಂತ ಹೆಚ್ಚು. ನಡುವೆ ಹೊತ್ತಿದರೂ ಅಂಚು ಹಸಿಯಾಗಿಯೇ ಉಳಿಯಿತು. ಹಂಚು ಚೆನ್ನಾಗಿ ಕಾದಿತೆಂದು ಇವರು ಸಂತೋಷಪಡುವ ಹೊತ್ತಿಗೆ, ಅತಿಯಾಗಿ ಕಾದಿತೆಂದು ಯಂತ್ರ ಗಾಬರಿಗೊಂಡು ತಾನೇ ನಿಂತುಬಿಟ್ಟಿತು. ರೊಟ್ಟಿಯನ್ನು ಆಚೆಗೆ ಈಚೆಗೆ ಸರಿಸುತ್ತ, ಅಂಚನ್ನು ಅರಿವೆಯಿಂದ ಒತ್ತುತ್ತ, ಕಡೆಗೆ ಹೇಗೋ ನಾಲ್ಕು ರೊಟ್ಟಿಗಳಾದುವು. ಸಂಜೆ ಮಗ ಉಂಡು, ಚೆನ್ನಾಗಿವೆಯೆಂದ. ತಾಯಿ ಒಂದು ಚೂರನ್ನು ಮುರಿದು ನೋಡಿ, “ಬೆಂದಾವ, ಸುಟ್ಟಿಲ್ಲ” ಎಂದರು. ಮರುದಿನದಿಂದ ಹಂಚನ್ನು ಮುಟ್ಟಲಿಲ್ಲ.

ಆ ಎರಡು ಮಾತುಗಳಲ್ಲಿ ಈ ಒಲೆಯ ಮಿತಿಯೆಲ್ಲ ಅಡಗಿದೆ. ಬೇಯಿಸುವುದು ಬೇರೆ, ಸುಡುವುದು ಬೇರೆ. ಕುದಿಸಿ ಬೇಯಿಸತಕ್ಕುದನ್ನೆಲ್ಲ ಈ ಯಂತ್ರ ಒಲೆಗಿಂತ ಚೆನ್ನಾಗಿ ಮಾಡೀತು. ಆದರೆ ಉರಿಯ ನಾಲಿಗೆ ತಾಗಬೇಕಾದ ಪದಾರ್ಥಗಳಿವೆ: ರೊಟ್ಟಿ ಉಬ್ಬಬೇಕು, ಬದನೆಕಾಯಿಯ ಸಿಪ್ಪೆ ಕರಿಕಾಗಬೇಕು, ಹಪ್ಪಳ ಮುರುಟಬೇಕು, ಎಳೆಯ ಮೆಕ್ಕೆತೆನೆ ಚಟಪಟ ಸಿಡಿಯಬೇಕು. ಇವುಗಳಿಗೆ ಬೇಕಾದುದು ಬಿಸಿಯಷ್ಟೇ ಅಲ್ಲ, ಬೆಂಕಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಲು ಬುಟ್ಟಿ ತುಂಬ ಸಜ್ಜೆಯ ರೊಟ್ಟಿಗಳು ಬೇಕಾದಾಗ, ಜೈನಾಪುರದ ಯಾವ ಮನೆಯವರೂ ಗಾಜಿನ ಒಲೆಯನ್ನು ನಂಬಿ ಕುಳಿತುಕೊಳ್ಳಲಾರರು.

ಆ ಮನೆಯಲ್ಲಿ ಸೊಸೆಯೇ ದಾರಿ ಹುಡುಕಿದಳು. ಅತ್ತೆ ಊಟದಲ್ಲಿ ರೊಟ್ಟಿಯನ್ನು ಬಿಟ್ಟು ಬರಿಯ ಅನ್ನವನ್ನು ಕಲಸಿಕೊಳ್ಳತೊಡಗಿದುದನ್ನು ಮೊದಲು ಕಂಡವಳು ಅವಳು. ಕಪಾಟಿನಲ್ಲಿ ಬೀಗ ಬಿದ್ದುದು ರೆಗ್ಯುಲೇಟರಿಗಲ್ಲ, ಆ ಮುದುಕಿಯ ಕೈಗಳಿಗೆಂದು ಅವಳಿಗೆ ತಿಳಿಯಿತು. ಹಗಲೆಲ್ಲ ಕರೆಂಟಿನ ಒಲೆ. ಸಂಜೆ ತಾನು ಬಂದ ಮೇಲೆ ಗ್ಯಾಸಿನ ಒಲೆ, ರೊಟ್ಟಿಗಾಗಿಯೇ, ಇಬ್ಬರೂ ಜೊತೆಗೆ, ಎಂದು ಅವಳು ಗೊತ್ತುಮಾಡಿದಳು. ಅತ್ತೆ ಬಡಿಯುವುದು, ಸೊಸೆ ಸುಡುವುದು. ರೊಟ್ಟಿ ಬಡಿಯಲು ಬಾರದೆಂದು ಮದುವೆಯಾದಂದಿನಿಂದ ಮಾತು ಕೇಳಿದ್ದ ಸೊಸೆ ಈಗ ಆ ವಿದ್ಯೆಯಲ್ಲಿ ಅರ್ಧ ದಾರಿ ಬಂದಿದ್ದಾಳಂತೆ. ಅವಳ ರೊಟ್ಟಿ ಇನ್ನೂ ಹುಣ್ಣಿಮೆಯ ಚಂದ್ರನಾಗಿಲ್ಲ. ಏಕಾದಶಿಯ ವರೆಗೆ ಬಂದಿದೆಯೆಂದು ಅತ್ತೆ ಒಪ್ಪಿಕೊಂಡಿದ್ದಾರೆ.

ಇನ್ನು ಉಳಿದ ದೋಷಗಳು ಸಂಸಾರದ ಲೆಕ್ಕಕ್ಕೆ ಸೇರಿದುವು. ಮೊದಲನೆಯದು ಪಾತ್ರೆಗಳ ಜಾತಿಪ್ರಶ್ನೆ. ಅಜ್ಜಿಯ ಕಾಲದ ತಾಮ್ರದ ತಂಬಿಗೆ, ಹಿತ್ತಾಳೆಯ ಬೋಗುಣಿ, ಹಿಂಡಾಲಿಯಮ್ಮಿನ ಕಡಾಯಿ, ಮಣ್ಣಿನ ಗಡಿಗೆ ಇವುಗಳಾವುದನ್ನೂ ಈ ಒಲೆ ತನ್ನ ಪಂಕ್ತಿಯಲ್ಲಿ ಕೂಡಿಸಿಕೊಳ್ಳುವುದಿಲ್ಲ. ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಬೇಕು; ಅಂಟಿದರೆ ಸ್ವೀಕಾರ, ಇಲ್ಲವಾದರೆ ತಿರಸ್ಕಾರ. ಸ್ಟೀಲಿನ ಪಾತ್ರೆಗಳಲ್ಲಿಯೂ ಅಂಟುವುವು ಕೆಲವು, ಅಂಟದಿರುವುವು ಹಲವು. ಆದುದರಿಂದ ಅಂಗಡಿಗೆ ಹೋಗುವವರು ಒಂದು ಸಣ್ಣ ಅಯಸ್ಕಾಂತವನ್ನು ಕೈಚೀಲದಲ್ಲಿ ಒಯ್ಯುವುದು ವಿವೇಕ. ಒಲೆಯ ಬೆಲೆಯನ್ನು ಕೇಳಿ ಹಿಗ್ಗಿ ಮನೆಗೆ ಬಂದವರು, ಕುಕ್ಕರು, ಹಂಚು, ಬೋಗುಣಿಗಳನ್ನು ಹೊಸದಾಗಿ ಕೊಂಡು ಮುಗಿಸುವ ಹೊತ್ತಿಗೆ ಕುಗ್ಗಿರುತ್ತಾರೆ.

ಎರಡನೆಯದು ಗೋಡೆಯೊಳಗಿನ ತಂತಿ. 2000 ವಾಟಿನ ಒಲೆ 230 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ. ದೀಪ ಫ್ಯಾನುಗಳಿಗೆಂದು ಹಾಕಿಸಿದ 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಅದನ್ನು ಸಿಕ್ಕಿಸುವುದು ಎಳೆಗರುವಿಗೆ ಬಂಡಿ ಹೂಡಿದಂತೆ. 16 ಆಂಪಿಯರಿನ ದೊಡ್ಡ ಪ್ಲಗ್ಗು, ತಕ್ಕ ದಪ್ಪದ ತಂತಿ, ಸರಿಯಾದ ಅರ್ಥಿಂಗ್ ಇವು ಮೂರೂ ಇಲ್ಲದ ಮನೆಯಲ್ಲಿ ಬೆಂಕಿಯಿಲ್ಲದ ಒಲೆ ಗೋಡೆಯೊಳಗೆ ಬೆಂಕಿಯನ್ನು ಹುಟ್ಟಿಸಬಲ್ಲುದು. ಯಂತ್ರದ ಕೆಳಗೆ ಗಾಳಿಯಾಡುವ ಕಿಂಡಿಗಳಿವೆ. ಅವುಗಳ ಕೆಳಗೆ ಬಟ್ಟೆ ಹಾಸಿ, ಮೆತ್ತಗೆ ಕೂಡಿಸಿ ಉಪಚರಿಸುವುದು ಅಪಾಯ. ಭಾರವಾದ ಕುಕ್ಕರನ್ನು ಕುಕ್ಕಿದರೆ ಗಾಜು ಬಿರಿಯುತ್ತದೆ. ಬಿರಿದ ಗಾಜಿನ ಮೇಲೆ ನೀರು ಚೆಲ್ಲುವ ಒಲೆಯನ್ನು ಒಂದು ದಿನವೂ ಬಳಸಬಾರದು. ಹೃದಯದ ಬಡಿತವನ್ನು ಕಾಯುವ ಪೇಸ್‌ಮೇಕರನ್ನು ಎದೆಯಲ್ಲಿ ಇಡಿಸಿಕೊಂಡಿರುವವರು ಒಲೆಯಿಂದ ಎರಡಡಿಯಾದರೂ ದೂರವಿದ್ದು, ತಮ್ಮ ವೈದ್ಯರನ್ನು ಕೇಳಿಯೇ ಬಳಸತಕ್ಕದ್ದು. ಇವೆಲ್ಲವನ್ನೂ ಪಾಲಿಸಿದ ಮೇಲೆಯೂ, ಮಳೆಗಾಲದ ಒಂದು ಸಂಜೆ ಗುಡುಗಿದೊಡನೆ ಕರೆಂಟು ಹೋದರೆ, ಅರೆಬೆಂದ ಬೇಳೆಯ ಮುಂದೆ ಮನೆಮಂದಿಯೆಲ್ಲ ಮೇಣದ ಬತ್ತಿ ಹಿಡಿದು ಕುಳಿತುಕೊಳ್ಳಬೇಕಾಗುತ್ತದೆ.

ಮೂರನೆಯದು ಹಣದ ಮಾತು. 14.2 ಕಿಲೋ ತೂಕದ ಒಂದು ಸಿಲಿಂಡರು ಮಾಡುವ ಕೆಲಸವನ್ನು ಈ ಒಲೆಯಿಂದ ಮಾಡಿಸಲು ಸುಮಾರು 120ರಿಂದ 130 ಯೂನಿಟ್ಟು ವಿದ್ಯುತ್ತು ಬೇಕಾಗುತ್ತದೆ. ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸೆಂದು ಹಿಡಿದರೆ 750 ರೂಪಾಯಿ. 2025ರ ಏಪ್ರಿಲ್ ತಿಂಗಳಲ್ಲಿ ಸಿಲಿಂಡರಿನ ಬೆಲೆ 50 ರೂಪಾಯಿ ಏರಿ 850ರ ಆಸುಪಾಸಿಗೆ ಬಂದಿತ್ತು. ಆ ಲೆಕ್ಕದಲ್ಲಿ ಲಾಭವುಂಟು, ಆದರೆ ಹಾಡಿ ಹೊಗಳುವಷ್ಟಿಲ್ಲ. ಕರ್ನಾಟಕದ ಮನೆಗಳಿಗೆ ಇನ್ನೊಂದು ಸೂಕ್ಷ್ಮವಿದೆ. 2023ರ ಜುಲೈಯಲ್ಲಿ ಪ್ರಾರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟು ಪುಕ್ಕಟೆಯೆಂದು ಎಲ್ಲರೂ ಹೇಳುತ್ತಾರೆ. ಯೋಜನೆ ಹೇಳಿದುದು ಹಾಗಲ್ಲ. 2022-23ರಲ್ಲಿ ಆ ಮನೆ ಬಳಸಿದ ಸರಾಸರಿಯ ಮೇಲೆ ನೂರಕ್ಕೆ ಹತ್ತರಷ್ಟು ಸೇರಿಸಿ, ಅಷ್ಟನ್ನು ಮಾತ್ರ ಉಚಿತವೆಂದು ಗೊತ್ತುಮಾಡಿತು. ಸರಾಸರಿ 70 ಯೂನಿಟ್ಟಿದ್ದ ಮನೆಗೆ 77 ಉಚಿತ. ಆ ಮನೆಯವರು ಕರೆಂಟಿನ ಒಲೆಯಿಂದ ತಿಂಗಳಿಗೆ ಇನ್ನು 60 ಯೂನಿಟ್ಟು ಬಳಸಿದರೆ ಒಟ್ಟು 130; ಹೆಚ್ಚಿನ 53ಕ್ಕೆ ಹಣ ತೆರಬೇಕು. ಮೊದಲೇ ಫ್ರಿಜ್ಜು, ಗೀಸರುಗಳಿಂದ 150 ಮುಟ್ಟಿದ ಮನೆಯವರು ಅತ್ಯುತ್ಸಾಹದಿಂದ 200ನ್ನು ದಾಟಿದರೋ, ಉಚಿತವೆಲ್ಲ ಹಾರಿಹೋಗಿ ಪೂರ್ತಿ ಬಿಲ್ಲು ಬಾಗಿಲಿಗೆ ಬರುತ್ತದೆ. ಹಾಲು ಉಕ್ಕಿದರೆ ಒರೆಸಬಹುದು. ಮೀಟರು ಉಕ್ಕಿದರೆ ಒರೆಸುವ ಅರಿವೆಯಿಲ್ಲ.

ಕೊನೆಯ ಮಾತೊಂದು ಉಳಿದಿದೆ, ಅದು ಬೆಂಕಿಯದೇ. ಈ ಒಲೆಯಲ್ಲಿ ಬೆಂಕಿಯಿಲ್ಲವೆಂದು ಹೇಳಿದ್ದು ಅರ್ಧ ಸತ್ಯ. ಬೆಂಕಿ ಹೋಗಿಲ್ಲ, ದೂರ ಹೋಗಿದೆ. ಎಷ್ಟು ದೂರವೆಂದರೆ, ವಿಜಯಪುರದವರ ಮಟ್ಟಿಗೆ ಅದೇ ಜಿಲ್ಲೆಯ ಕೂಡಗಿಯವರೆಗೆ. ಅಲ್ಲಿ ಎನ್.ಟಿ.ಪಿ.ಸಿ. ಸಂಸ್ಥೆಯ ಸ್ಥಾವರದಲ್ಲಿ 800 ಮೆಗಾವಾಟಿನ ಮೂರು ಘಟಕಗಳಿವೆ. ರೈಲಿನಲ್ಲಿ ಬರುವ ಕಲ್ಲಿದ್ದಲು ಅಲ್ಲಿ ಉರಿಯುತ್ತದೆ. ಕಲ್ಲಿದ್ದಲಿನ ಕಾವಿನಲ್ಲಿ ನೂರಕ್ಕೆ ನಲವತ್ತರಷ್ಟು ವಿದ್ಯುತ್ತಾದರೆ ಅದು ಒಳ್ಳೆಯ ಸ್ಥಾವರ. ಅಲ್ಲಿಂದ ತಂತಿಯ ಮೇಲೆ ಬರುವಾಗ ಕೊಂಚ ಸೋರಿ, ಒಲೆಯಲ್ಲಿ ಕೊಂಚ ಸೋರಿ, ಪಾತ್ರೆಗೆ ಸಲ್ಲುವುದು ಮೂರರಲ್ಲಿ ಒಂದು ಪಾಲು. ನೂರಕ್ಕೆ 85ರ ಹೆಗ್ಗಳಿಕೆಯನ್ನು ಓದುವಾಗ ಈ ಹಿನ್ನೆಲೆ ನೆನಪಿರಬೇಕು. 2014ರಲ್ಲಿ ಕೂಡಗಿಯ ಸುತ್ತಿನ ರೈತರು ಆ ಸ್ಥಾವರವನ್ನು ವಿರೋಧಿಸಿ ಬೀದಿಗಿಳಿದುದು, ನಗರದ ಅಡಿಗೆಮನೆಯಿಂದ ಹೊರಟುಹೋದ ಹೊಗೆ ಎಲ್ಲೋ ಒಂದು ಕಡೆ ಯಾರದೋ ಅಂಗಳದಲ್ಲಿ ಇಳಿದೀತೆಂಬ ಭಯದಿಂದಲೇ. ಆದರೆ ಇದಕ್ಕೊಂದು ಮರುಮಾತೂ ಉಂಟು. ಅದೇ ಜಿಲ್ಲೆಯ ಅಂಚಿನ ಆಲಮಟ್ಟಿಯಲ್ಲಿ ಕೃಷ್ಣೆಯ ನೀರಿನಿಂದ 290 ಮೆಗಾವಾಟಿನ ವಿದ್ಯುದಾಗಾರ ನಡೆಯುತ್ತದೆ. ಬಯಲಿನಲ್ಲಿ ಗಾಳಿಯ ಗಿರಣಿಗಳು ತಿರುಗುತ್ತವೆ. ವಿಜಯಪುರದಲ್ಲಿ ಬಿಸಿಲಿಗಂತೂ ಬರವಿಲ್ಲ. ಸಿಲಿಂಡರಿನ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ದೇಶ ಹೊರಗಿನಿಂದ ತರಿಸಿಕೊಳ್ಳುತ್ತದೆ. ಬಿಸಿಲನ್ನು ಯಾರಿಂದಲೂ ಕೊಳ್ಳಬೇಕಾಗಿಲ್ಲ. ಕೂಡಗಿಯ ಪಾಲು ಕಡಿಮೆಯಾಗಿ ಬಿಸಿಲು ಗಾಳಿಗಳ ಪಾಲು ಹೆಚ್ಚಿದ ಹಾಗೆಲ್ಲ, ಈ ಒಲೆ ತನ್ನ ಹೆಸರಿಗೆ ಹೆಚ್ಚು ಹೆಚ್ಚು ತಕ್ಕುದಾಗುತ್ತ ಹೋಗುತ್ತದೆ.

ಹಾಗಾದರೆ ಕೊಳ್ಳಬೇಕೋ ಬೇಡವೋ? ಒಂದೇ ಒಲೆಯಾಗಿ ಎಂದರೆ, ಜೋಳದ ನಾಡಿನಲ್ಲಿ ಬೇಡ. ಎರಡನೆಯ ಒಲೆಯಾಗಿ ಎಂದರೆ, ತಂತಿ ಗಟ್ಟಿಯಾಗಿದ್ದ ಮನೆಯಲ್ಲಿ ಅವಶ್ಯವಾಗಿ ಬೇಕು. ಹಾಲು, ಚಹಾ, ಬೇಳೆ, ಅನ್ನಗಳನ್ನು ಅದಕ್ಕೆ ವಹಿಸಿ, ರೊಟ್ಟಿಯನ್ನು ಉರಿಗೆ ಉಳಿಸಿಕೊಂಡರೆ, ಸಿಲಿಂಡರು ಇನ್ನಷ್ಟು ದಿನ ಬಾಳುತ್ತದೆ. ಕಟ್ಟಿಗೆಯ ಒಲೆಯಿರುವ ಮನೆಯಲ್ಲಿ ಹೊಗೆ ಅರ್ಧಕ್ಕಿಳಿಯುತ್ತದೆ. ಕೆಮ್ಮುವ ಎದೆಗೆ ಆ ಅರ್ಧವೂ ದೊಡ್ಡದೇ.

ಇದಕ್ಕಿಂತ ಮುಖ್ಯವಾದ ಪ್ರಶ್ನೆಯೆಂದರೆ, ಯಾರನ್ನು ಕೇಳಿ ಕೊಳ್ಳಬೇಕೆಂಬುದು. ಅಡಿಗೆಮನೆಗೆ ಬಂದ ವಸ್ತುಗಳನ್ನು ಬಹುಮಟ್ಟಿಗೆ ಆರಿಸಿ ತಂದವರು ಅಡಿಗೆ ಮಾಡದವರು. ಅವರು ವಾಟುಗಳನ್ನು ನೋಡಿದರು, ಬೆಲೆಯನ್ನು ನೋಡಿದರು, ಎಷ್ಟು ವರ್ಷದ ಗ್ಯಾರಂಟಿಯೆಂದು ಕೇಳಿದರು. ರೊಟ್ಟಿ ಉಬ್ಬುವುದೇ ಎಂದು ಮಾತ್ರ ಕೇಳಲಿಲ್ಲ. ಆದುದರಿಂದ ಗಾಂಧಿ ಚೌಕಕ್ಕೆ ಹೊರಡುವ ಯಜಮಾನರು ಅಯಸ್ಕಾಂತವನ್ನು ಮರೆತರೂ ಚಿಂತೆಯಿಲ್ಲ, ಮನೆಯಲ್ಲಿ ಹಂಚಿನ ಮುಂದೆ ಕುಳಿತುಕೊಳ್ಳುವವರನ್ನು ಜೊತೆಗೆ ಕರೆದುಕೊಂಡು ಹೋಗುವುದು ಲೇಸು. ಬಸ್ಸಿನಲ್ಲಿ ಒಂದು ಟಿಕೆಟ್ಟು ಹೆಚ್ಚಾದೀತು. ಈಗ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಅದೂ ಪುಕ್ಕಟೆ.